ದೋಟಿಗೊಂದು ಗೀ

ಶಾಲೆಯಲ್ಲಿ ನನ್ನ ಹೆಸರು ದೋಟಿ.
ಮಾವಿನಕಾಯಿ ಉದುರಿಸಲಿಕ್ಕೆ,
ಹಂಚಿನ ಮೇಲೆ ಸಿಕ್ಕಿಬಿದ್ದ ಶಟಲ್ ಕಾಕ್ ತೆಗೆಯಲಿಕ್ಕೆ
ನನ್ನನ್ನೇ ಕರೆಯುತ್ತಿದ್ದರು.
ಐದಡಿ ಹನ್ನೊಂದು. ತೂಕ ಐವತ್ತೇಳು,
ಅದೂ ಊಟ ಮಾಡಿ ನಿಂತರೆ.
ಚೂಡಿದಾರದ ತೋಳು ಮಣಿಕಟ್ಟಿನವರೆಗೆ ಬಂದದ್ದೇ ಇಲ್ಲ,
ಬಂದರೆ ಒಳಗೆ ಇನ್ನೊಬ್ಬಳಿಗೆ ಜಾಗ.

ಕೂಳೂರಿನ ಟಯರ್ ಅಂಗಡಿಯ ಮೇಲಿನ ಹಾಲಿನಲ್ಲಿ
ವಾರಕ್ಕೆ ಮೂರು ದಿನ ಜಿಯು-ಜಿತ್ಸು.
ಕೆಳಗೆ ರಬ್ಬರು ಬೇಯುವ ವಾಸನೆ,
ಮೇಲೆ ಹದಿನಾಲ್ಕು ಮಂದಿಯ ಬೆವರು.
ನನ್ನ ಮೊದಲ ಗೀ ಎ-ಟೂ.
ಸೊಂಟಕ್ಕೆ ಸರಿ, ಭುಜಕ್ಕೆ ಸರಿ,
ತೋಳು ಮಾತ್ರ ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತಿತ್ತು.
ಮಣಿಪಾಲದ ಪಂದ್ಯದ ದಿನ
ಕೈ ಮುಂದೆ ಚಾಚು ಎಂದರು ರೆಫರಿ.
ಚಾಚಿದೆ.
ಮಣಿಕಟ್ಟಿನಿಂದ ಐದು ಸೆಂಟಿಮೀಟರ್ ಮೀರಬಾರದಂತೆ.
ನನ್ನದು ಹನ್ನೊಂದು.
ಮ್ಯಾಟಿಗೆ ಕಾಲಿಡದೆಯೇ ಸೋತವಳು
ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿನವರೆಗೂ
ಕೈ ಮಡಚಿಕೊಂಡೇ ಕೂತಿದ್ದೆ.

ಎ-ತ್ರೀ ತರಿಸಿದೆ.
ತೋಳು ಬಂತು, ಕಾಲು ಬಂತು,
ಜೊತೆಗೆ ಒಂದು ದೋಣಿಗೆ ಸಾಕಾಗುವಷ್ಟು ಹಾಯಿ.
ಬೆಂಗ್ರೆಯ ಭವಾನಿ ಸಾಲ್ಯಾನ್
ನನ್ನ ಪಕ್ಕೆಯ ಸಡಿಲ ಬಟ್ಟೆಯನ್ನು
ಮುಷ್ಟಿಗೆ ಎರಡು ಸುತ್ತು ಸುತ್ತಿ
ಕೈರಂಪಣಿ ಬಲೆಯ ಹಾಗೆ ಎಳೆದಳು.
"ಇದರೊಳಗೆ ನೀನು ಎಲ್ಲಿದ್ದಿ ಮಾರಾಯ್ತಿ?"
ಕೇಳಿದ್ದು ನನ್ನ ಎದೆಯ ಮೇಲೆ ಕೂತು.

ಎ-ಟೂ ಲಾಂಗ್ ಅಂತ ಒಂದು ಉಂಟಂತೆ,
ಸಪೂರದ ಉದ್ದದವರಿಗೆಂದೇ.
ಮೂರು ತಿಂಗಳಿಂದ ಸ್ಟಾಕ್ ಇಲ್ಲ.
ಬಿಸಿನೀರಲ್ಲಿ ಹಾಕು, ಕುಗ್ಗುತ್ತದೆ ಅಂದರು ಯಾರೋ.
ಬಚ್ಚಲ ಹಂಡೆಯಲ್ಲಿ ಕುದಿಸಿದೆ.
ಕುಗ್ಗಿತು, ಹೌದು,
ಉದ್ದದಲ್ಲಿ.
ಅಗಲ ಮಾತ್ರ ಗುರಿಕಾರರ ಹೊಟ್ಟೆಯ ಹಾಗೆ
ಕದಲದೆ ಕೂತಿತು.

ಜೆಪ್ಪಿನ ಬೊನಿಫಾಸ್ ಪೊರ್ಬುಗಳು
ನಲವತ್ತು ವರ್ಷದಿಂದ ಹೊಲಿಯುವುದು ಪಾದ್ರಿಗಳ ನಿಲುವಂಗಿ.
"ನಿನ್ನಂಥವರನ್ನು ತುಂಬ ನೋಡಿದ್ದೇನೆ," ಅಂದರು ಕನ್ನಡಕದ ಮೇಲಿಂದ,
"ಸೆಮಿನರಿಗೆ ಬರುವಾಗ ಬರೇ ಎಲುಬು.
ಹೊಟ್ಟೆ ಬರುವುದು ಗುರುದೀಕ್ಷೆಯ ನಂತರ."
ಗೀಯನ್ನು ಮಗುಚಿ ಹಾಕಿ, ಮೂಸಿ, ಕೇಳಿದರು:
"ಇದನ್ನು ಎಲ್ಲಿ ಹಿಡಿದು ಎಳೆಯುತ್ತಾರೆ?"
ಈವರೆಗೆ ಯಾವ ಅಂಗಡಿಯವರೂ ಕೇಳಿರಲಿಲ್ಲ.
ತೋರಿಸಿದೆ. ಇಲ್ಲಿ ಕೊರಳಪಟ್ಟಿ,
ಇಲ್ಲಿ ತೋಳಿನ ತುದಿ, ಇಲ್ಲಿ ಮೊಣಕಾಲು.
ತೋರಿಸಿದಲ್ಲೆಲ್ಲ ನೀಲಿ ಚಾಕಿನ ಗೀಟು.
"ಈಗ ಕೂತ್ಕೊ. ಕೈ ಮೇಲೆ.
ಮೊಣಕಾಲು ಎದೆಗೆ. ಹಾಗೇ ಮಗುಚು ನೋಡುವ."
ಮಗಳ ಮದುವೆಗೆ ಕೋಟು ಹೊಲಿಸಲು ಬಂದವರೊಬ್ಬರು
ಸ್ಟೂಲಿನ ಮೇಲೆ ಕಾಲು ಎತ್ತಿಕೊಂಡರು,
ಅಂಗಡಿಯ ನೆಲದಲ್ಲಿ ನಾನು ಉರುಳುತ್ತಿದ್ದೆ,
ಹಿಂದೆಯೇ ಟೇಪು ಹಿಡಿದು ಪೊರ್ಬುಗಳು.

ಮಡಚಿದ ಅಂಚು ಬಿಚ್ಚಿದರು. ಎರಡು ಬೆರಳು ಬಟ್ಟೆ ಸಿಕ್ಕಿತು.
ಪಕ್ಕೆಗಳನ್ನು ಒಳಗೆ ತೆಗೆದರು,
ಕಂಕುಳಲ್ಲಿ ಮಾತ್ರ ಸಡಿಲ ಬಿಟ್ಟರು.
ಎರಡು ಸೂಜಿ ಮುರಿಯಿತು.
"ಮುನ್ನೂರೈವತ್ತು. ಸೂಜಿಯದ್ದು ಬೇರೆ."

ಸೋಮವಾರ ಭವಾನಿಯ ಬೆರಳು
ಅಭ್ಯಾಸಬಲದಿಂದ ನನ್ನ ಪಕ್ಕೆಗೆ ಬಂತು.
ಎಲುಬು ತಾಗಿತು. ಇನ್ನೊಮ್ಮೆ ಹುಡುಕಿತು.
ಅಷ್ಟರಲ್ಲಿ ನನ್ನ ಕಾಲು, ಈ ಮುಗಿಯದ ಕಾಲು,
ಅವಳ ಬೆನ್ನ ಹಿಂದೆ ಕೊಕ್ಕೆ ಹಾಕಿಯಾಗಿತ್ತು.
ಮಣಿಪಾಲದಲ್ಲಿ ಎರಡನೇ ಸುತ್ತಿಗೇ ಸೋತೆ.
ಈ ಸಲ ಮ್ಯಾಟಿನ ಮೇಲೆ.

ಕತ್ತರಿಸಿ ಉಳಿದ ಎರಡು ಪಟ್ಟಿಗಳನ್ನು
ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು ಪೊರ್ಬುಗಳು.
ಅಮ್ಮ ಅದನ್ನು ಮಡಚಿ ಹೊಲಿದು ಕೈಬಟ್ಟೆ ಮಾಡಿದ್ದಾಳೆ.
ಕುಚ್ಚಲಕ್ಕಿ ಗಂಜಿಯ ಪಾತ್ರೆ ಇಳಿಸುವಾಗ
ಭವಾನಿ ಹಿಡಿಯುತ್ತಿದ್ದ ಜಾಗವನ್ನೇ ಹಿಡಿಯುತ್ತಾಳೆ.
"ಕೈಗೆ ಬಿಸಿಯೇ ತಾಗುವುದಿಲ್ಲ," ಅನ್ನುತ್ತಾಳೆ,
"ಇನ್ನು ಸ್ವಲ್ಪ ದೊಡ್ಡದು ತರಿಸಬಹುದಿತ್ತು ನೀನು."